ಊರ ಓಟದಿಂದ ಮ್ಯಾರಥಾನಿನವರೆಗೆ

ಮ್ಯಾರಥಾನ್ ಎಂಬ ಶಬ್ದವು ಈಚಿನ ವರ್ಷಗಳಲ್ಲಿ ನಮ್ಮ ನಾಡಿನ ಮೂಲೆಮೂಲೆಗೂ ಬಂದು ಮುಟ್ಟಿದೆ. ಮುಂಬಯಿ, ಬೆಂಗಳೂರು, ಕೊಚ್ಚಿ, ಮಂಗಳೂರು ಮುಂತಾದ ಪಟ್ಟಣಗಳಲ್ಲಿ ನಡೆಯುವ ಓಟಗಳಲ್ಲಿ ಬ್ಯಾಂಕಿನ ಗುಮಾಸ್ತರಿಂದ ತೊಡಗಿ ಗೃಹಿಣಿಯರವರೆಗೆ ನಾನಾ ವೃತ್ತಿಯ, ನಾನಾ ಪ್ರಾಯದ ಮಂದಿ ಪಾಲ್ಗೊಳ್ಳುತ್ತಾರೆ. ಬಹುಮಾನವನ್ನು ಕಣ್ಣಮುಂದಿಟ್ಟುಕೊಂಡು ಬರುವವರು ಇವರಲ್ಲಿ ಬೆರಳೆಣಿಕೆಯ ಜನ. ಉಳಿದವರೆಲ್ಲ ಹವ್ಯಾಸಿಗಳು. ನಮ್ಮ ಹವ್ಯಾಸಿ ಯಕ್ಷಗಾನ ಕಲಾವಿದರು ಹಗಲಿಡೀ ಅಂಗಡಿಯಲ್ಲೋ ಅಡಿಕೆ ತೋಟದಲ್ಲೋ ದುಡಿದು ರಾತ್ರಿ ಗೆಜ್ಜೆ ಕಟ್ಟುವಂತೆ, ಇವರು ನಸುಕಿನಲ್ಲೆದ್ದು ಓಡಿ ಅನಂತರ ತಮ್ಮ ತಮ್ಮ ಕೆಲಸಕ್ಕೆ ಹೊರಡುವವರು.

ಮ್ಯಾರಥಾನಿನ ದೂರ 42 ಕಿಲೋಮೀಟರ್ 195 ಮೀಟರ್. ಪುಸ್ತಕದಲ್ಲಿ ಓದಿದರೆ ಇದು ಬರೇ ಒಂದು ಸಂಖ್ಯೆ. ನಮ್ಮ ಕಡೆಯ ದಾರಿಯ ಮೇಲೆ ಅಳೆದು ನೋಡಿದರೆ ಅದರ ಗಾತ್ರ ತಿಳಿಯುತ್ತದೆ. ಕಾಸರಗೋಡು ಪೇಟೆಯಿಂದ ಕಾಲ್ನಡೆಯಲ್ಲಿ ಬಡಗು ದಿಕ್ಕಿಗೆ ಹೊರಟವನು ಮೊಗ್ರಾಲು, ಕುಂಬಳೆಗಳನ್ನು ದಾಟಿ ಉಪ್ಪಳದ ಹತ್ತಿರ ಬಂದಾಗ ಸುಮಾರಾಗಿ ಅರ್ಧ ದಾರಿ ಮುಗಿದಿರುತ್ತದೆ. ಅಲ್ಲಿಂದ ಹೊಸಂಗಡಿ, ಮಂಜೇಶ್ವರಗಳನ್ನು ಕಳೆದು, ತಲಪಾಡಿಯಲ್ಲಿ ರಾಜ್ಯದ ಗಡಿಯನ್ನೂ ಹಿಂದೆ ಹಾಕಿ, ತೊಕ್ಕೊಟ್ಟಿನ ಹತ್ತಿರಕ್ಕೆ ಮುಟ್ಟುವಾಗ ಮ್ಯಾರಥಾನ್ ಪೂರ್ತಿಯಾದಂತೆ. ಬಸ್ಸಿನಲ್ಲಿ ಕುಳಿತೇ ಬೇಸರ ಬರುವ ಈ ದೂರವನ್ನು ಎರಡು ಕಾಲುಗಳ ಬಲದಿಂದ ಓಡಿ ಮುಗಿಸಬೇಕು.

ಇಷ್ಟು ದೂರವನ್ನು ಒಬ್ಬ ಸಾಮಾನ್ಯ ಮನುಷ್ಯ ಹೇಗೆ ಕೈವಶ ಮಾಡಿಕೊಳ್ಳುತ್ತಾನೆ? ಮ್ಯಾರಥಾನಿನ ಚರಿತ್ರೆಯನ್ನು ನೋಡಿದರೆ ಮತ್ತೆ ಮತ್ತೆ ಕಾಣುವ ಸಂಗತಿ ಒಂದೇ. ದೊಡ್ಡ ಓಟಕ್ಕೆ ಹೋಗುವ ದಾರಿ ಊರಿನ ಸಣ್ಣ ಓಟದಿಂದಲೇ ಹೊರಡುತ್ತದೆ. ಈ ಮಾತಿಗೆ ಗಡಿನಾಡಿನ ಕನ್ನಡಿಗರಾದ ನಮಗೆ ಹತ್ತಿರದವರೇ ಆದ ಕೆಲವರ ಬಾಳು ಸಾಕ್ಷಿಯಾಗಿದೆ.

ನೀರು ಹೊರುವವನ ಗೆಲುವು

ಮೊದಲ ಒಲಿಂಪಿಕ್ ಮ್ಯಾರಥಾನ್ ನಡೆದದ್ದು 1896ರಲ್ಲಿ, ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ. ಆಗ ದೂರ ಸುಮಾರು 40 ಕಿಲೋಮೀಟರ್. ಗೆದ್ದವನು ಮರೂಸಿ ಎಂಬ ಊರಿನ ಸ್ಪಿರಿಡನ್ ಲೂಯಿಸ್. ನೀರು ಹೊತ್ತು ಮಾರುವುದು ಅವನ ಕಸುಬು. ಅವನ ವೇಳೆ 2 ಗಂಟೆ 58 ನಿಮಿಷ 50 ಸೆಕೆಂಡು. ಒಲಿಂಪಿಕ್‌ಗೆ ಮೊದಲು ಗ್ರೀಕರು ತಮ್ಮೊಳಗೇ ಆಯ್ಕೆಯ ಓಟಗಳನ್ನು ನಡೆಸಿದ್ದರು. ಅಂತಹ ಎರಡನೆಯ ಓಟದಲ್ಲಿ ಲೂಯಿಸ್‌ಗೆ ದೊರಕಿದ್ದು ಐದನೆಯ ಸ್ಥಾನ. ಆ ಊರೊಳಗಿನ ಓಟ ನಡೆಯದೆ ಇದ್ದಿದ್ದರೆ ಈ ನೀರಿನವನ ಕಾಲಿನ ಕಸುವು ಅವನ ಕೊಡಗಳಿಗಲ್ಲದೆ ಬೇರಾರಿಗೂ ತಿಳಿಯುತ್ತಿರಲಿಲ್ಲ.

ಪುಣೆಯಲ್ಲಿ ಕಂಡ ಬರಿಗಾಲುಗಳು

ನಮ್ಮ ದೇಶದ ಮಟ್ಟಿಗೆ ಈ ಕಥೆ ಪುಣೆಯಲ್ಲಿ ಆರಂಭವಾಗುತ್ತದೆ. ಅಲ್ಲಿನ ಡೆಕ್ಕನ್ ಜಿಮ್‌ಖಾನಾ ಸಂಸ್ಥೆ ಸ್ಥಾಪನೆಯಾದದ್ದು 1906ರಲ್ಲಿ. ಅದು ನಡೆಸುತ್ತಿದ್ದ ಕ್ರೀಡಾಕೂಟಕ್ಕೆ 1919ರಲ್ಲಿ ಅಧ್ಯಕ್ಷರಾಗಿದ್ದವರು ಉದ್ಯಮಿ ಸರ್ ದೊರಾಬ್ಜಿ ಟಾಟಾ. ಓಡಲು ಬಂದಿದ್ದವರಲ್ಲಿ ಹೊಲಗದ್ದೆಗಳಲ್ಲಿ ದುಡಿಯುವ ರೈತರ ಮಕ್ಕಳಿದ್ದರು. ಅವರಿಗೆ ಅಂತರರಾಷ್ಟ್ರೀಯ ನಿಯಮಗಳು ತಿಳಿಯವು, ಕ್ರಮಬದ್ಧವಾದ ತರಬೇತಿ ದೊರಕಿರಲಿಲ್ಲ, ಊಟವೂ ಅಷ್ಟಕ್ಕಷ್ಟೆ. ಸುಮಾರು 25 ಮೈಲಿಯ ಉದ್ದದ ಓಟವನ್ನು ಅವರು ಬರಿಗಾಲಿನಲ್ಲಿಯೇ ಓಡಿದರು.

ಟಾಟಾರವರು ಇಂಗ್ಲೆಂಡಿನಲ್ಲಿ ಓದಿ, ಅಲ್ಲಿನ ಆಟೋಟಗಳನ್ನು ಕಣ್ಣಾರೆ ಕಂಡವರು. ಈ ಹುಡುಗರ ವೇಳೆಯನ್ನು ಯುರೋಪಿನವರ ವೇಳೆಯೊಡನೆ ಹೋಲಿಸಿ ನೋಡಿದಾಗ ಅವರಿಗೆ ಆಶ್ಚರ್ಯವಾಯಿತು. ಇವರಿಗೆ ಒಳ್ಳೆಯ ಆಹಾರ, ಒಳ್ಳೆಯ ಶಿಕ್ಷಕರು ದೊರೆತರೆ ಹೊರಗಿನವರ ಸರಿಸಮಕ್ಕೆ ನಿಲ್ಲಬಲ್ಲರು ಎಂಬ ನಂಬಿಕೆ ಹುಟ್ಟಿತು. ಅವರು ಆಗಿನ ಮುಂಬಯಿ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರೊಡನೆ ಮಾತಾಡಿ, ಭಾರತಕ್ಕೆ ಒಲಿಂಪಿಕ್‌ನಲ್ಲಿ ಭಾಗವಹಿಸುವ ಅವಕಾಶವನ್ನು ಗಳಿಸಿಕೊಟ್ಟರು. ಖರ್ಚಿಗೆ ತಮ್ಮ ಕೈಯಿಂದಲೂ ಹಣ ಹಾಕಿದರು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್‌ಗೆ ಒಂದು ಪುಟ್ಟ ತಂಡ ಹೊರಟಿತು. ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿದ್ದು ಆಮೇಲೆ, 1927ರಲ್ಲಿ. ಅದರ ಮೊದಲ ಅಧ್ಯಕ್ಷರೂ ಟಾಟಾರವರೇ.

ಆ ತಂಡದಲ್ಲಿ ಬೆಳಗಾವಿಯ ಹುಡುಗನೊಬ್ಬನಿದ್ದನು. ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಹುಟ್ಟಿದ್ದು 1902ರಲ್ಲಿ, ಅಂದರೆ ಆಂಟ್‌ವರ್ಪ್‌ಗೆ ಹೋಗುವಾಗ ಹದಿನೆಂಟರ ಹರೆಯ. ಹಡಗಿನಲ್ಲಿ ಸಮುದ್ರ ದಾಟಿ, ಲಂಡನ್ನಿನಲ್ಲಿ ಕೆಲಕಾಲ ತರಬೇತಿ ಪಡೆದು, ಈ ಓಟಗಾರರು ಬೆಲ್ಜಿಯಂ ಸೇರಿದರು.

ಆಂಟ್‌ವರ್ಪ್‌ನ ಆ ದಿನ

ಮೊದಲನೆಯ ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಬೆಲ್ಜಿಯಂ ಇನ್ನೂ ಯುದ್ಧದ ಗಾಯಗಳಿಂದ ಚೇತರಿಸಿಕೊಳ್ಳುತ್ತಿತ್ತು. 1920ರ ಆಗಸ್ಟ್ 22ರಂದು, ಮಳೆ ಹನಿಯುತ್ತಿದ್ದ ದಿನ, ಮ್ಯಾರಥಾನ್ ನಡೆಯಿತು. ಮ್ಯಾರಥಾನಿನ ದೂರ ಆಗ ಇನ್ನೂ ಎಲ್ಲೆಡೆಗೂ ಒಂದೇ ಎಂದು ನಿಶ್ಚಯವಾಗಿರಲಿಲ್ಲ. ಇಂದಿನ ದೂರವು 1908ರ ಲಂಡನ್ ಒಲಿಂಪಿಕ್‌ನಲ್ಲಿ ಅರಮನೆಯಿಂದ ಕ್ರೀಡಾಂಗಣದ ರಾಜಪೀಠದವರೆಗೆ ಅಳೆದದ್ದು. ಅದೇ ಶಾಶ್ವತವೆಂದು ಗೊತ್ತಾದದ್ದು 1921ರಲ್ಲಿ. ಆಂಟ್‌ವರ್ಪ್‌ನಲ್ಲಿ ಓಡಬೇಕಾಗಿದ್ದುದು 42 ಕಿಲೋಮೀಟರ್ 750 ಮೀಟರ್. ಒಲಿಂಪಿಕ್ ಮ್ಯಾರಥಾನ್‌ಗಳಲ್ಲೆಲ್ಲ ಇದೇ ಅತಿ ಉದ್ದದ್ದು.

ಗೆದ್ದವರು ಫಿನ್ಲೆಂಡಿನ ಹಾನೆಸ್ ಕೊಲೆಹ್ಮಾಯಿನೆನ್. 1912ರ ಒಲಿಂಪಿಕ್‌ನಲ್ಲಿ ಮೂರು ಚಿನ್ನ ಗೆದ್ದಿದ್ದ, ಕಸುಬಿನಿಂದ ಗಾರೆಕೆಲಸದವರಾದ ಇವರ ವೇಳೆ 2 ಗಂಟೆ 32 ನಿಮಿಷ 35 ಸೆಕೆಂಡು. ನಮ್ಮ ಫಡೆಪ್ಪನವರು 19ನೆಯವರಾಗಿ ಗುರಿ ಮುಟ್ಟಿದರು. ವೇಳೆ 2 ಗಂಟೆ 50 ನಿಮಿಷ 45 ಸೆಕೆಂಡು. ಅದೇ ಓಟದಲ್ಲಿದ್ದ ಇನ್ನೊಬ್ಬ ಭಾರತೀಯ ಸದಾಶಿವ ದಾತಾರ್ ಅವರಿಗೆ ಕೊನೆಯವರೆಗೆ ಓಡಲಾಗಲಿಲ್ಲ.

19ನೆಯ ಸ್ಥಾನ ಎಂದರೆ ಏನು ಮಹಾ ಎಂದು ಕೇಳುವವರಿರಬಹುದು. ಲೆಕ್ಕ ಹಾಕಿ ನೋಡೋಣ. ಪ್ರತಿಯೊಂದು ಕಿಲೋಮೀಟರಿಗೆ ಸುಮಾರು 4 ನಿಮಿಷದಂತೆ ಹೆಚ್ಚುಕಡಿಮೆ ಮೂರು ಗಂಟೆ ಹೊತ್ತು ನಿಲ್ಲದೆ ಓಡಿದ ಓಟ ಅದು. ಇದೇ ವೇಗದಲ್ಲಿ ಇಂದಿನ 42.195 ಕಿಲೋಮೀಟರ್ ಓಡಿದ್ದರೆ ಸುಮಾರು 2 ಗಂಟೆ 48½ ನಿಮಿಷ ಸಾಕಾಗುತ್ತಿತ್ತು. ಇಂದು ದುಬಾರಿ ಬೆಲೆಯ ಬೂಟು, ಕೈಗಡಿಯಾರ, ಪೌಷ್ಟಿಕ ಪಾನೀಯಗಳೆಲ್ಲ ಇರುವ ಹವ್ಯಾಸಿಗಳಲ್ಲಿ ಬಹುಮಂದಿ ನಾಲ್ಕರಿಂದ ಐದು ಗಂಟೆ ತೆಗೆದುಕೊಳ್ಳುತ್ತಾರೆ. ಮೂರು ಗಂಟೆಯೊಳಗೆ ಮುಗಿಸುವುದು ಅವರಿಗೆ ಬಾಳಿನ ಒಂದು ಕನಸು. ನೂರು ವರ್ಷಗಳ ಹಿಂದೆ, ಅನ್ಯ ದೇಶದ ಚಳಿ ಮಳೆಯಲ್ಲಿ, ಬೆಳಗಾವಿಯ ಹದಿನೆಂಟರ ಹುಡುಗ ಅದನ್ನು ಸಾಧಿಸಿದ್ದನು.

ಇನ್ನೂ ಒಂದು ಸಂಗತಿಯನ್ನು ಇಲ್ಲಿ ಸ್ಮರಿಸಬೇಕು. ಫಡೆಪ್ಪನವರು ಓಡಿದಾಗ ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು. ಕಾಸರಗೋಡು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ಬೆಳಗಾವಿ ಯಾರದು ಎಂಬ ವಾದ ಆಮೇಲೂ ನಿಂತಿಲ್ಲ. ಆಂಟ್‌ವರ್ಪ್‌ನ ದಾಖಲೆಯ ಪುಟದಲ್ಲಿ ಮಾತ್ರ ಆ ಹುಡುಗನ ಹೆಸರಿನ ಮುಂದೆ ಇರುವುದು ಭಾರತ ಎಂಬ ಒಂದೇ ಮಾತು. ಗಡಿಯಲ್ಲಿ ಹುಟ್ಟಿದವರ ಬಗ್ಗೆ ಎಲ್ಲರೂ ಮೊದಲು ಕೇಳುವ ಪ್ರಶ್ನೆ, ನೀನು ಯಾವ ಕಡೆಯವನು ಎಂಬುದು. ಓಟದ ಗಡಿಯಾರ ಅದನ್ನು ಕೇಳಲಿಲ್ಲ.

ವಯನಾಡಿನ ಇಬ್ಬರು

ಹಳೆಯ ಕಥೆ ಸಾಕು, ಈಗಿನ ಕಾಲದ್ದೇನು ಎಂದು ಓದುಗರು ಕೇಳಬಹುದು. ಅದಕ್ಕೆ ಉತ್ತರ ನಮ್ಮ ರಾಜ್ಯದಲ್ಲಿಯೇ, ನಮ್ಮಂತೆಯೇ ಕನ್ನಡ ಮಾತಾಡುವ ಮನೆಗಳಿರುವ ಇನ್ನೊಂದು ಗಡಿ ಜಿಲ್ಲೆಯಾದ ವಯನಾಡಿನಲ್ಲಿದೆ.

ಸುಲ್ತಾನ್ ಬತ್ತೇರಿಯ ಕಡೆಯ ತೋನಕ್ಕಲ್ ಗೋಪಿ ಅವರು ಶಾಲಾ ಓಟಗಳಿಂದ ಮೇಲೆ ಬಂದು ಸೇನೆಗೆ ಸೇರಿದವರು. ಅವರ ದೂರ 5,000 ಮತ್ತು 10,000 ಮೀಟರ್. 2016ರ ಜನವರಿಯ ಮುಂಬಯಿ ಮ್ಯಾರಥಾನ್‌ಗೆ ಅವರು ಬಂದದ್ದು ತಮಗಾಗಿ ಅಲ್ಲ; ತಮ್ಮ ಜೊತೆಗಾರ ನಿತೇಂದ್ರ ಸಿಂಗ್ ರಾವತ್ ಅವರ ಓಟಕ್ಕೆ ವೇಗ ಹೊಂದಿಸಿಕೊಡಲು. ಇಂತಹವರು ಸ್ವಲ್ಪ ದೂರ ಮುಂದೆ ಓಡಿ, ದಾರಿಯಲ್ಲಿ ಬಿಟ್ಟುಹೋಗುವುದು ವಾಡಿಕೆ. ಗೋಪಿಯವರು ಬಿಡಲಿಲ್ಲ. ಕಾಲುಗಳಲ್ಲಿ ಇನ್ನೂ ಕಸುವಿದೆ ಎಂದು ಕಂಡು ಕೊನೆಯವರೆಗೂ ಓಡಿದರು. 2 ಗಂಟೆ 16 ನಿಮಿಷ 15 ಸೆಕೆಂಡಿನಲ್ಲಿ ಮುಗಿಸಿ, ಭಾರತೀಯರ ಪೈಕಿ ಎರಡನೆಯವರಾಗಿ ರಿಯೋ ಒಲಿಂಪಿಕ್‌ಗೆ ಅರ್ಹತೆ ಪಡೆದರು. ಅದು ಅವರ ಮೊದಲ ಮ್ಯಾರಥಾನ್! ಅದೇ ವರ್ಷ ರಿಯೋದಲ್ಲಿ 25ನೆಯವರಾದರು. 2017ರಲ್ಲಿ ಏಷ್ಯನ್ ಮ್ಯಾರಥಾನ್ ಚಾಂಪಿಯನ್‌ಶಿಪ್‌ನ ಚಿನ್ನವನ್ನು ಗೆದ್ದರು.

ಅದೇ ಜಿಲ್ಲೆಯ ಒ. ಪಿ. ಜೈಷಾ ಅವರು ಕಡುಬಡತನದಲ್ಲಿ ಬೆಳೆದವರು. 1,500 ಮತ್ತು 5,000 ಮೀಟರ್ ಓಟಗಳಲ್ಲಿ ಹೆಸರು ಮಾಡಿದ ಮೇಲೆ 2015ರಲ್ಲಿ ಮುಂಬಯಿಯಲ್ಲಿ ಮೊದಲ ಮ್ಯಾರಥಾನ್ ಓಡಿ, ಆ ಮೊದಲ ಓಟದಲ್ಲಿಯೇ ಹತ್ತೊಂಬತ್ತು ವರ್ಷಗಳಷ್ಟು ಹಳೆಯ ರಾಷ್ಟ್ರೀಯ ದಾಖಲೆಯನ್ನು ಮುರಿದರು. ಅದೇ ವರ್ಷ ಬೀಜಿಂಗ್‌ನಲ್ಲಿ ಅದನ್ನು 2 ಗಂಟೆ 34 ನಿಮಿಷ 43 ಸೆಕೆಂಡಿಗೆ ಇಳಿಸಿದರು. ಹೆಂಗಸರಿಗೆ ಒಲಿಂಪಿಕ್‌ನಲ್ಲಿ ಮ್ಯಾರಥಾನ್ ಓಡುವ ಅವಕಾಶ ಸಿಕ್ಕಿದ್ದೇ 1984ರಲ್ಲಿ ಎಂಬುದನ್ನು ನೆನೆದರೆ, ಈ ಸಾಧನೆಯ ಬೆಲೆ ಇನ್ನಷ್ಟು ತಿಳಿದೀತು.

ಗೋಪಿಯವರ ಮುಂಬಯಿ ಓಟವನ್ನು ಅದೃಷ್ಟ ಎನ್ನುವವರಿದ್ದಾರೆ. ನಾವು ಹಾಗೆ ತಿಳಿಯುವುದಿಲ್ಲ. ಅದೃಷ್ಟ ಬಂದು ಬಾಗಿಲು ತಟ್ಟಿದಾಗ ಎದ್ದು ಓಡಲು ಶಕ್ತಿಯುಳ್ಳ ಕಾಲು ಮೊದಲೇ ಇರಬೇಕು. ಆ ಕಾಲುಗಳು ಬೆಳೆದದ್ದು ವರ್ಷಗಟ್ಟಲೆಯ ಸಣ್ಣ ಸಣ್ಣ ಓಟಗಳಲ್ಲಿ.

ಮೈಯ ಲೆಕ್ಕಾಚಾರ

ಸಣ್ಣ ಓಟಗಳು ಏಕೆ ಬೇಕು ಎಂಬುದಕ್ಕೆ ನಮ್ಮ ದೇಹದಲ್ಲಿಯೇ ಕಾರಣವಿದೆ. ನಾವು ಉಂಡ ಅನ್ನದ ಸಕ್ಕರೆಯ ಅಂಶವನ್ನು ಸ್ನಾಯುಗಳೂ ಪಿತ್ತಜನಕಾಂಗವೂ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತವೆ. ಇದರಿಂದ ದೊರೆಯುವ ಶಕ್ತಿ ಸುಮಾರು 2,000 ಕ್ಯಾಲೊರಿ. ಓಡುವಾಗ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ, ಸುಮಾರು 1 ಕ್ಯಾಲೊರಿ ಖರ್ಚಾಗುತ್ತದೆ. 60 ಕಿಲೋ ತೂಕದವನಿಗೆ ಮ್ಯಾರಥಾನ್ ಮುಗಿಸಲು 2,500 ಕ್ಯಾಲೊರಿ ಬೇಕು. ಕಣಜದಲ್ಲಿರುವುದಕ್ಕಿಂತ ಖರ್ಚೇ ಹೆಚ್ಚು! ಹಾಗಾಗಿ 30 ಕಿಲೋಮೀಟರ್ ದಾಟಿದ ಮೇಲೆ ಅನೇಕರಿಗೆ ಕಾಲು ಸೀಸದಂತೆ ಭಾರವಾಗಿ, ಕಣ್ಣು ಮಂಜಾಗುತ್ತದೆ. ಓಟಗಾರರು ಇದನ್ನು ‘ಗೋಡೆ’ ಎನ್ನುತ್ತಾರೆ. ಮೊದಲು ಹೇಳಿದ ನಮ್ಮ ದಾರಿಯಲ್ಲಿ ಈ ಗೋಡೆ ಮಂಜೇಶ್ವರದಿಂದ ತಲಪಾಡಿಗೆ ಹೋಗುವಲ್ಲಿ ಎಲ್ಲೋ ನಿಂತಿರುತ್ತದೆ.

ತಿಂಗಳುಗಟ್ಟಲೆ ನಿಧಾನವಾಗಿ ಓಡಿ ಅಭ್ಯಾಸವಾದ ದೇಹ ಕೊಬ್ಬನ್ನೂ ಉರಿಸಿ ಶಕ್ತಿ ಪಡೆಯುವುದನ್ನು ಚೆನ್ನಾಗಿ ಕಲಿಯುತ್ತದೆ. ಕಣಜ ಬೇಗ ಬರಿದಾಗುವುದಿಲ್ಲ. ಹೃದಯ ಬಲಗೊಳ್ಳುತ್ತದೆ. ಎಲುಬು, ಕೀಲು, ಸ್ನಾಯುಬಂಧಗಳು ಮಾತ್ರ ಉಸಿರಿಗಿಂತ ತಡವಾಗಿ ಗಟ್ಟಿಯಾಗುತ್ತವೆ. ಅವಸರ ಮಾಡಿದವರ ಮೊಣಕಾಲೂ ಹಿಮ್ಮಡಿಯೂ ನೋಯುವುದು ಈ ಕಾರಣದಿಂದಲೇ.

ಆದುದರಿಂದ ಹೊಸಬರು ಹಿಡಿಯಬೇಕಾದ ಕ್ರಮ ಸರಳವಾಗಿದೆ. ಮೊದಲು ನಡಿಗೆ, ಅನಂತರ ನಡಿಗೆಯ ನಡುನಡುವೆ ಓಟ. ನಿಲ್ಲದೆ 5 ಕಿಲೋಮೀಟರ್ ಓಡಲು ಬಂದಮೇಲೆ ಒಂದು 5 ಕಿಲೋಮೀಟರಿನ ಪಂದ್ಯ. ಕೆಲವು ತಿಂಗಳ ಅನಂತರ 10. ಅದಾದ ಮೇಲೆ 21 ಕಿಲೋಮೀಟರಿನ ಅರ್ಧ ಮ್ಯಾರಥಾನ್. ವಾರದಲ್ಲಿ ಮೂರು ನಾಲ್ಕು ದಿನ ಓಡಿದರೆ ಸಾಕು. ಅದರಲ್ಲಿ ಒಂದು ದಿನ ಮಾತ್ರ ಉದ್ದದ ಓಟ. ಅದೂ ಪಕ್ಕದವರೊಡನೆ ಮಾತಾಡುತ್ತಾ ಓಡಬಹುದಾದಷ್ಟು ನಿಧಾನ. ಈ ಉದ್ದದ ಓಟವನ್ನು ವಾರವಾರವೂ ಅಷ್ಟಿಷ್ಟು ಹೆಚ್ಚಿಸುತ್ತಾ 30 ಕಿಲೋಮೀಟರಿನ ವರೆಗೆ ಒಯ್ಯುವುದು. ಪಂದ್ಯಕ್ಕೆ ಎರಡು ಮೂರು ವಾರ ಇರುವಾಗ ಕಡಿಮೆ ಮಾಡಿ ದೇಹಕ್ಕೆ ವಿಶ್ರಾಂತಿ ಕೊಡುವುದು.

ಈ ಮೆಟ್ಟಿಲುಗಳ ಲಾಭ ದೇಹಕ್ಕೆ ಮಾತ್ರ ಸಲ್ಲುವುದಲ್ಲ. 5 ಕಿಲೋಮೀಟರಿನ ಪಂದ್ಯದಲ್ಲಿ ಹೊಸಬನು ಆರಂಭದ ಗುಂಪಿನ ಹುರುಪಿಗೆ ಸಿಕ್ಕಿ ಮಿತಿಮೀರಿ ಓಡಿ, ಮೂರನೆಯ ಕಿಲೋಮೀಟರಿಗೆ ಏದುಸಿರು ಬಿಡುತ್ತಾನೆ. ಅಲ್ಲಿ ಈ ಪಾಠಕ್ಕೆ ತೆರಬೇಕಾದ ಬೆಲೆ ಹತ್ತು ನಿಮಿಷದ ಕಷ್ಟ. ಅದೇ ಪಾಠವನ್ನು ಮ್ಯಾರಥಾನ್‌ನಲ್ಲಿ ಕಲಿಯಹೊರಟರೆ ಎರಡು ಗಂಟೆಯ ಸಂಕಟ.

ನಮ್ಮ ಕರಾವಳಿಯ ಸೆಕೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಇಲ್ಲಿ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಆರದ ಬೆವರಿನಿಂದ ಮೈ ತಣಿಯದು. ಆದುದರಿಂದ ಸೂರ್ಯೋದಯಕ್ಕೆ ಮುಂಚೆ ಓಡುವುದು ಲೇಸು. ನೀರಿನೊಡನೆ ಉಪ್ಪೂ ದೇಹಕ್ಕೆ ಸೇರಬೇಕು. ಬಾಯಾರಿಕೆ ಇಲ್ಲದಿದ್ದರೂ ಬರೇ ನೀರನ್ನು ವಿಪರೀತ ಕುಡಿಯುವುದು ಅಪಾಯಕರ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಲ್ಪಟ್ಟ 488 ಓಟಗಾರರಲ್ಲಿ ಶೇಕಡಾ 13 ಮಂದಿಯ ರಕ್ತದಲ್ಲಿ ಸೋಡಿಯಂ ಅಂಶ ಮಿತಿಗಿಂತ ಕೆಳಗಿಳಿದಿತ್ತು. ಉಪ್ಪು ಹಾಕಿದ ಕುಚ್ಚಿಲಕ್ಕಿ ಗಂಜಿ, ಮಜ್ಜಿಗೆ, ಸೀಯಾಳ, ಬಾಳೆಹಣ್ಣು, ಇವೆಲ್ಲ ನಮ್ಮ ಮನೆಗಳಲ್ಲಿಯೇ ಇವೆ. ನಲುವತ್ತು ದಾಟಿದವರೂ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರೂ ವೈದ್ಯರನ್ನು ಕಾಣದೆ ತೊಡಗಬಾರದು. ಶಾಲೆಯ ಮಕ್ಕಳಿಗೆ ಮ್ಯಾರಥಾನ್ ಬೇಡ. ಅವರ ಪ್ರಾಯಕ್ಕೆ ಶಾಲಾ ಕ್ರೀಡಾಕೂಟದ ದೂರಗಳೇ ಸರಿ.

ನಮ್ಮ ಮಕ್ಕಳು, ನಮ್ಮ ಸಂಘಗಳು

ಈಗ ನಮ್ಮ ವಿಚಾರಕ್ಕೆ ಬರೋಣ. ಕನ್ನಡ ಶಾಲೆಗಳು, ಕನ್ನಡದಲ್ಲಿ ಅರ್ಜಿ, ಕನ್ನಡ ಬಲ್ಲ ಅಧಿಕಾರಿಗಳು ಎಂದು ನಾವು ಹೋರಾಡುತ್ತಾ ಬಂದಿದ್ದೇವೆ. ಆ ಹೋರಾಟ ಮುಂದುವರಿಯಲೇಬೇಕು. ಆದರೆ ಅದರ ಗದ್ದಲದಲ್ಲಿ ನಮ್ಮ ಮಕ್ಕಳ ಕಾಲುಗಳತ್ತ ನೋಡಲು ಮರೆಯಬಾರದು. ಗುಡ್ಡೆ ಹತ್ತಿ ಇಳಿದು ಶಾಲೆಗೆ ಹೋಗುವ ಹುಡುಗ, ತೋಡು ದಾಟಿ ಹಾಲಿನ ಸೊಸೈಟಿಗೆ ಓಡುವ ಹುಡುಗಿ ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಶಾಲೆಯಿಂದ ಉಪಜಿಲ್ಲೆ, ಅಲ್ಲಿಂದ ಜಿಲ್ಲೆ, ಅಲ್ಲಿಂದ ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರೀಡಾಕೂಟದ ವ್ಯವಸ್ಥೆ ಕೇರಳದಲ್ಲಿ ಇದೆ. ಅದರ ಮೊದಲ ಮೆಟ್ಟಿಲಲ್ಲಿ ಕಾಲಿಡುವ ಧೈರ್ಯ ಕೊಡಬೇಕಾದವರು ಮನೆಯವರು. ಹೊರಗೆ ಹೋದರೆ ಭಾಷೆ ಬಾರದು, ಜೊತೆಯಿಲ್ಲ, ಪರೀಕ್ಷೆ ಹತ್ತಿರ ಬಂತು ಎಂದು ಮಗುವನ್ನು ಅಂಗಳದಲ್ಲಿಯೇ ನಿಲ್ಲಿಸಿಬಿಟ್ಟರೆ ಆ ಕಾಲಿನ ಕಸುವು ಯಾರಿಗೂ ತಿಳಿಯದೆ ಹೋಗುತ್ತದೆ. ಬೆಳಗಾವಿಯ ಹುಡುಗನಿಗೆ ಇಂಗ್ಲಿಷರ ನಾಡಿನಲ್ಲಿ ಯಾವ ಜೊತೆಯಿತ್ತು?

ಎರಡನೆಯ ಮಾತು ನಮ್ಮ ಸಂಘಗಳಿಗೆ. ಯಕ್ಷಗಾನ, ಭಜನೆ, ನಾಟಕ, ವಾರ್ಷಿಕೋತ್ಸವಗಳನ್ನು ನಮ್ಮ ಯುವಕ ಸಂಘಗಳೂ ಕಲಾಸಂಘಗಳೂ ಶ್ರದ್ಧೆಯಿಂದ ನಡೆಸುತ್ತಿವೆ. ವರ್ಷಕ್ಕೆ ಒಂದು ದಿನ ಬೆಳಿಗ್ಗೆ ಒಂದು ಓಟವನ್ನೂ ನಡೆಸಬಾರದೇಕೆ? ಹೆಚ್ಚು ಹಣ ಬೇಡ. ವಾಹನಗಳ ಕಾಟ ಕಡಿಮೆಯಿರುವ ಪಂಚಾಯತು ರಸ್ತೆಯಲ್ಲಿ 5 ಕಿಲೋಮೀಟರ್ ಅಳೆದರಾಯಿತು. ಒಬ್ಬರ ಕೈಯಲ್ಲಿ ಗಡಿಯಾರ, ಇಬ್ಬರ ಕೈಯಲ್ಲಿ ಉಪ್ಪು ಹಾಕಿದ ಮಜ್ಜಿಗೆ, ತಿರುವಿಗೊಬ್ಬ ಸ್ವಯಂಸೇವಕ, ಪ್ರಥಮ ಚಿಕಿತ್ಸೆಗೆ ಒಬ್ಬರು. ಮಕ್ಕಳಿಗೆ ಕಡಿಮೆ ದೂರ, ತಾಯಂದಿರಿಗೂ ಹಿರಿಯರಿಗೂ ಬೇಕಾದರೆ ನಡಿಗೆ. ಕನ್ನಡಿಗರು, ಮಲಯಾಳಿಗರು, ತುಳುವರು, ಬ್ಯಾರಿಗಳು, ಕೊಂಕಣಿಗರು ಎಲ್ಲರೂ ಒಂದೇ ಗೆರೆಯ ಮೇಲೆ ನಿಲ್ಲಲಿ.

ಒಂದು ಕೆಲಸವನ್ನು ಮಾತ್ರ ತಪ್ಪದೆ ಮಾಡಬೇಕು. ಓಡಿದ ಪ್ರತಿಯೊಬ್ಬರ ಹೆಸರು, ಪ್ರಾಯ, ವೇಳೆಯನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಬೇಕು. ಮುಂದಿನ ವರ್ಷ ಅದೇ ದಾರಿ, ಅದೇ ಪುಸ್ತಕ. ಹೋದ ವರ್ಷಕ್ಕಿಂತ ಒಂದು ನಿಮಿಷ ಕಡಿಮೆ ತೆಗೆದುಕೊಂಡವನಿಗೆ ಆ ಬರಹವೇ ಪದಕ. ಪುಣೆಯಲ್ಲಿ ದೊರಾಬ್ಜಿ ಟಾಟಾರವರು ಬರಿಗಾಲ ಹುಡುಗರ ಯೋಗ್ಯತೆಯನ್ನು ತಿಳಿದದ್ದು ಅವರ ವೇಳೆಯನ್ನು ನೋಡಿ. ವೇಳೆ ನೋಡಬೇಕಾದರೆ ಮೊದಲು ಓಟ ನಡೆಯಬೇಕು.

ಮಳೆಗಾಲ ಮುಗಿದು ಹೊಲಗದ್ದೆಗಳ ಕೆಲಸ ಒಂದು ಹದಕ್ಕೆ ಬರುವ ಡಿಸೆಂಬರ್, ಜನವರಿಯ ಮುಂಜಾವು ನಮ್ಮಲ್ಲಿ ಓಟಕ್ಕೆ ತಕ್ಕ ಕಾಲ. ಯಾವ ಸಂಘದವರು ಮೊದಲು ಮುಂದೆ ಬರುತ್ತಾರೆಂದು ಕಾದು ನೋಡುತ್ತೇವೆ.